ನಾಲ್ಕು ಗಂಟೆಗೊಮ್ಮೆ ಹಸಿ ಪಿಷ್ಟ

ಉಂಡ ಅನ್ನದಲ್ಲಿರುವ ಪಿಷ್ಟವು ಕರುಳಿನಲ್ಲಿ ಜೀರ್ಣವಾಗಿ ಗ್ಲೂಕೋಸ್ ಎಂಬ ಸರಳ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಆ ಹೊತ್ತಿಗೆ ಬೇಕಾದಷ್ಟನ್ನು ದೇಹ ಬಳಸಿಕೊಂಡ ಮೇಲೆ ಮಿಕ್ಕಿದ್ದರಲ್ಲಿ ಒಂದು ಪಾಲನ್ನು ಯಕೃತ್ತು, ಅಂದರೆ ಪಿತ್ತಜನಕಾಂಗವು, ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ರಾತ್ರಿ ಉಂಡು ಮಲಗಿದವರು ಬೆಳಗಿನ ತಿಂಡಿಯವರೆಗೂ ನಿಶ್ಚಿಂತೆಯಿಂದ ನಿದ್ರಿಸುವುದು ಈ ದಾಸ್ತಾನಿನ ಬಲದಿಂದಲೇ. ಲಕ್ಷಕ್ಕೆ ಒಬ್ಬರಂತೆ ಕಾಣಿಸಿಕೊಳ್ಳುವ, ಒಂದನೆಯ ಬಗೆಯ ಗ್ಲೈಕೋಜನ್ ಸಂಗ್ರಹ ಕಾಯಿಲೆಯಲ್ಲಿ ಕಣಜ ತುಂಬಿರುತ್ತದೆ, ಆದರೆ ಅದರ ಬಾಗಿಲು ತೆರೆಯುವುದಿಲ್ಲ.

1929ರಲ್ಲಿ ಜರ್ಮನಿಯ ರೋಗಶಾಸ್ತ್ರಜ್ಞ ಎಡ್ಗರ್ ಫಾನ್ ಗಿಯರ್ಕೆ, ತೀರಿಹೋದ ಮಕ್ಕಳ ಯಕೃತ್ತು ಮತ್ತು ಮೂತ್ರಪಿಂಡಗಳು ಗ್ಲೈಕೋಜನ್ ತುಂಬಿಕೊಂಡು ಊದಿಕೊಂಡಿದ್ದುದನ್ನು ಕಂಡು ಈ ಕಾಯಿಲೆಯನ್ನು ವಿವರಿಸಿದರು. ಕಾರಣ ತಿಳಿದದ್ದು 1952ರಲ್ಲಿ. ಅದಕ್ಕೆ ಐದು ವರ್ಷ ಮುಂಚೆ ನೊಬೆಲ್ ಪ್ರಶಸ್ತಿ ಪಡೆದಿದ್ದ ಗರ್ಟಿ ಕೋರಿ ಮತ್ತು ಕಾರ್ಲ್ ಕೋರಿ ದಂಪತಿ, ಗ್ಲೂಕೋಸನ್ನು ಯಕೃತ್ತಿನಿಂದ ರಕ್ತಕ್ಕೆ ಬಿಡಿಸಿಕೊಡುವ ಗ್ಲೂಕೋಸ್-6-ಫಾಸ್ಫಟೇಸ್ ಎಂಬ ಕಿಣ್ವವೇ ಈ ರೋಗಿಗಳಲ್ಲಿ ಕೆಲಸ ಮಾಡುವುದಿಲ್ಲವೆಂದು ತೋರಿಸಿದರು. ಹಾಗಾಗಿ ಹಾಲು ಕುಡಿದು ಮೂರು ನಾಲ್ಕು ಗಂಟೆ ಕಳೆಯುವಷ್ಟರಲ್ಲಿ ಮಗುವಿನ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಇಳಿದು ಬೆವರು, ಮಂಕು, ಫಿಟ್ಸ್ ಕಾಣಿಸಿಕೊಳ್ಳಬಹುದು. ಹೊಟ್ಟೆ ಮುಂದಕ್ಕೆ ಬಂದು ಕೆನ್ನೆ ತುಂಬಿಕೊಂಡಿರುವುದರಿಂದ, ಬೆಳವಣಿಗೆ ಕುಂಠಿತವಾಗಿದ್ದರೂ ನೋಡಿದವರಿಗೆ ಗುಂಡುಗುಂಡಾದ ಆರೋಗ್ಯವಂತ ಕೂಸಿನಂತೆಯೇ ಕಾಣುತ್ತದೆ. ರೋಗ ಪತ್ತೆಯಾಗುವುದು ತಡವಾಗಲು ಈ ಹೊರನೋಟವೂ ಒಂದು ಕಾರಣ.

ಕೆಲಸ ಮಾಡದ ಕಿಣ್ವವನ್ನು ಹೊರಗಿನಿಂದ ತುಂಬಿಕೊಡುವ ಮಾತ್ರೆಯಿಲ್ಲ. ರಕ್ತಕ್ಕೆ ಹಗಲೂ ರಾತ್ರಿ ಗ್ಲೂಕೋಸ್ ಒದಗುವಂತೆ ನೋಡಿಕೊಳ್ಳುವುದೊಂದೇ ದಾರಿಯಾದ್ದರಿಂದ, 1970ರ ದಶಕದಲ್ಲಿ ಮೂಗಿನ ಮೂಲಕ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲಿ ರಾತ್ರಿಯಿಡೀ ಹನಿಹನಿಯಾಗಿ ಆಹಾರ ಕೊಡುವ ಪದ್ಧತಿ ಬಂತು. 1984ರಲ್ಲಿ ಅಮೆರಿಕದ ವೈದ್ಯರಾದ ಚೆನ್, ಕಾರ್ನ್‌ಬ್ಲಾತ್ ಮತ್ತು ಸಿಡ್ಬರಿ ಅದಕ್ಕಿಂತ ಬಹಳ ಸರಳವಾದ ಉಪಾಯವೊಂದನ್ನು ಪ್ರಕಟಿಸಿದರು: ಬೇಯಿಸದ ಮೆಕ್ಕೆಜೋಳದ ಪಿಷ್ಟ. ಹಸಿ ಪಿಷ್ಟದ ಕಣಗಳು ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಜೀರ್ಣರಸ ಅವನ್ನು ಮೆಲ್ಲಗೆ ಕೊರೆಯಬೇಕಾಗುತ್ತದೆ, ಗ್ಲೂಕೋಸ್ ಗಂಟೆಗಟ್ಟಲೆ ಸಣ್ಣಗೆ ಒಸರುತ್ತದೆ. ಅದೇ ಪಿಷ್ಟವನ್ನು ಬೇಯಿಸಿದರೆ ಕಣಗಳು ಉಬ್ಬಿ ಒಡೆದು ಬೇಗ ಜೀರ್ಣವಾಗಿಬಿಡುತ್ತವೆ. ಅಡುಗೆಮನೆಯ ಸಾಮಾನ್ಯ ಪದಾರ್ಥವೊಂದು ಬೇಯದೆ ಉಳಿದದ್ದರಿಂದಲೇ ಔಷಧಿಯಾಯಿತೆಂಬುದು ವೈದ್ಯಕೀಯದ ಚರಿತ್ರೆಯಲ್ಲಿ ನಿಜಕ್ಕೂ ಅಪರೂಪದ ಸಂಗತಿ.

ಕಿರಾಣಿ ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಮಾರುವ ನುಣುಪಾದ ಬಿಳಿ ಪುಡಿಯೇ ಈ ಪಿಷ್ಟ. ರೊಟ್ಟಿ ತಟ್ಟುವ ಮೆಕ್ಕೆಜೋಳದ ಹಿಟ್ಟು ಬೇರೆ, ಅದನ್ನು ಇದರ ಬದಲಿಗೆ ಬಳಸುವಂತಿಲ್ಲ. ಚಿಕ್ಕ ಮಕ್ಕಳಿಗೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂನಂತೆ, ನಾಲ್ಕು ಗಂಟೆಗೊಮ್ಮೆ ಕೊಡುವುದು ರೂಢಿ. ನಿಖರವಾದ ಪ್ರಮಾಣವನ್ನು ಆ ಮಗುವಿನ ರಕ್ತಪರೀಕ್ಷೆ ನೋಡಿ ವೈದ್ಯರೇ ಗೊತ್ತುಮಾಡಬೇಕು. ಒಂದು ವರ್ಷದೊಳಗಿನ ಕೂಸಿಗೆ ಪಿಷ್ಟವನ್ನು ಅರಗಿಸುವ ರಸ ಇನ್ನೂ ಸಾಕಷ್ಟು ಇರುವುದಿಲ್ಲವಾದ್ದರಿಂದ ಅವರ ಸಲಹೆಯಿಲ್ಲದೆ ಆರಂಭಿಸಲೇಬಾರದು. ಪುಡಿಯನ್ನು ಚಮಚದ ಅಂದಾಜಿನಲ್ಲಿ ಹಾಕದೆ ಸಣ್ಣ ತಕ್ಕಡಿಯಲ್ಲಿ ತೂಗಿ ತಣ್ಣೀರಿನಲ್ಲಿ ಕದಡಬೇಕು, ಏಕೆಂದರೆ ಬಿಸಿನೀರು ಸೋಕಿದರೆ ಅದು ಅರೆಬೆಂದಂತೆಯೇ. ಕದಡಿಟ್ಟ ಲೋಟವನ್ನು ಎರಡು ನಿಮಿಷ ಬಿಟ್ಟರೂ ಪಿಷ್ಟ ತಳಕ್ಕೆ ಇಳಿದು ಬಿಳಿ ಗಷ್ಟಾಗಿ ಕೂರುತ್ತದೆ. ಮೇಲಿನ ನೀರನ್ನಷ್ಟೇ ಕುಡಿದ ಮಗು ಔಷಧಿಯನ್ನು ಲೋಟದಲ್ಲೇ ಬಿಟ್ಟಂತಾಗುವುದರಿಂದ, ಇನ್ನಷ್ಟು ನೀರು ಹಾಕಿ ಅಲುಗಿಸಿ ತಳದ್ದನ್ನೂ ಕುಡಿಸಬೇಕಾಗುತ್ತದೆ. ನಡುರಾತ್ರಿ ಅಲಾರಂ ಹೊಡೆದಾಗ ಎದ್ದು ನಿದ್ದೆಗಣ್ಣಿನ ಮಗುವಿಗೆ ಇದನ್ನು ಕುಡಿಸುವುದು ಅಂಥ ಮನೆಗಳಲ್ಲಿ ವರ್ಷಗಟ್ಟಲೆ ತಪ್ಪದ ಕೆಲಸ.

ಉಳಿದ ಊಟಕ್ಕೂ ಕಟ್ಟುನಿಟ್ಟು ಉಂಟು. ಅನ್ನ, ಮುದ್ದೆ, ರೊಟ್ಟಿ ಜೀರ್ಣವಾಗಿ ನೇರವಾಗಿ ಗ್ಲೂಕೋಸನ್ನೇ ಕೊಡುವುದರಿಂದ ಅವಕ್ಕೆ ಅಡ್ಡಿಯಿಲ್ಲ. ಆದರೆ ಸಕ್ಕರೆ, ಬೆಲ್ಲ, ಜೇನು ಮತ್ತು ಹಣ್ಣಿನಲ್ಲಿರುವ ಫ್ರಕ್ಟೋಸ್ ಹಾಗೂ ಹಾಲಿನ ಸಕ್ಕರೆಯಿಂದ ಬರುವ ಗ್ಯಾಲಕ್ಟೋಸ್ ಇವೆರಡೂ ಗ್ಲೂಕೋಸ್ ಆಗಿ ಹೊರಬರಲು ಅದೇ ಕಿಣ್ವ ಬೇಕು. ಅದಿಲ್ಲದಿರುವಾಗ ಅವು ಲ್ಯಾಕ್ಟಿಕ್ ಆಮ್ಲವನ್ನೂ ಕೊಬ್ಬನ್ನೂ ಹೆಚ್ಚಿಸುತ್ತವೆ. ಹಾಲು ಕಡಿಮೆಯಾದಲ್ಲಿ ಕ್ಯಾಲ್ಸಿಯಂ ಕೊರತೆ ಬಾರದಂತೆ ಪೂರಕಗಳನ್ನು ಕೊಡಬೇಕಾಗುತ್ತದೆ, ಮತ್ತು ಕ್ಯಾಲ್ಸಿಯಂ ಹೇರಳವಾಗಿರುವ ನಮ್ಮ ರಾಗಿ ಇಲ್ಲಿ ಸ್ವಲ್ಪ ಮಟ್ಟಿಗೆ ನೆರವಾಗುತ್ತದೆ. ಹಬ್ಬದ ದಿನ ಹೋಳಿಗೆ, ಪಾಯಸ, ಪಂಚಾಮೃತ ಯಾವುದನ್ನೂ ಮುಟ್ಟದ ಮಗುವಿಗೆ ‘ಒಂದು ಚೂರು ತಿಂದರೆ ಏನಾಗುತ್ತದೆ’ ಎಂದು ಪ್ರೀತಿಯಿಂದ ಒತ್ತಾಯಿಸುವ ಬಂಧುಗಳೇ ತಾಯಿಗೆ ದೊಡ್ಡ ಕಷ್ಟ.

ಪಿಷ್ಟವು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಪ್ರಾಯಕ್ಕೆ ಬಂದ ಮೇಲೆ ಯಕೃತ್ತಿನಲ್ಲಿ ಗಡ್ಡೆಗಳು, ಮೂತ್ರಪಿಂಡದ ತೊಂದರೆ, ಯೂರಿಕ್ ಆಮ್ಲದ ಏರಿಕೆ ಕಾಣಿಸಬಹುದಾದ್ದರಿಂದ ಜೀವನಪರ್ಯಂತ ತಪಾಸಣೆ ಬೇಕು. ಆಹಾರದಿಂದ ಹತೋಟಿಗೆ ಬಾರದ ಕೆಲವರಿಗೆ ಯಕೃತ್ತಿನ ಕಸಿ ಮಾಡಬೇಕಾಗುತ್ತದೆ, ಮತ್ತು ಭಾರತದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಇದನ್ನು ಕಸಿಯಿಂದ ಪರಿಹಾರ ಸಿಗಬಹುದಾದ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದರೆ ಮಾತ್ರ ಕಾಯಿಲೆ ತಲೆದೋರುವುದರಿಂದ, ಸೋದರಮಾವನನ್ನೋ ಅವನ ಮಗಳನ್ನೋ ವರಿಸುವ ರೂಢಿ ಇನ್ನೂ ಉಳಿದಿರುವ ಕರ್ನಾಟಕದ ಕುಟುಂಬಗಳಿಗೆ ಈ ಮಾತು ದೂರದ್ದಲ್ಲ. ಇಂಥ ಮಗುವಿರುವ ದಂಪತಿಯ ಮುಂದಿನ ಪ್ರತಿ ಗರ್ಭದಲ್ಲೂ ಕಾಯಿಲೆ ಮರುಕಳಿಸುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು.

ಇಷ್ಟೆಲ್ಲ ಶಿಸ್ತಿನ ನಡುವೆಯೂ ಈ ಮಕ್ಕಳು ಶಾಲೆಗೆ ಹೋಗುತ್ತಾರೆ, ಆಡುತ್ತಾರೆ, ಓದಿ ಉದ್ಯೋಗ ಹಿಡಿಯುತ್ತಾರೆ. ವಾಂತಿಯೋ ಜ್ವರವೋ ಬಂದು ಪಿಷ್ಟ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಒಯ್ದು ರಕ್ತನಾಳದ ಮೂಲಕ ಗ್ಲೂಕೋಸ್ ಕೊಡಿಸಬೇಕೆಂಬುದು ಮನೆಯವರಿಗಷ್ಟೇ ಅಲ್ಲ, ಶಿಕ್ಷಕರಿಗೂ ನೆರೆಯವರಿಗೂ ತಿಳಿದಿರಬೇಕು. ಪಾಠದ ನಡುವೆ ಅಂಥ ಮಗುವೊಂದು ಬಾಟಲಿ ತೆಗೆದು ಅಲುಗಿಸಿದರೆ, ದಯವಿಟ್ಟು ಗಂಟೆ ಹೊಡೆಯುವವರೆಗೆ ತಡೆಯೆಂದು ಹೇಳಬೇಡಿ.