ಕಾವೇರಿಯ ವಕೀಲ ಫಾಲಿ ನಾರಿಮನ್

ಕಾವೇರಿ ಕೇಸಿನಲ್ಲಿ ದಶಕಗಳ ಕಾಲ ಕರ್ನಾಟಕದ ಪರ ವಾದಿಸಿದವರು ಫಾಲಿ ನಾರಿಮನ್. 2024ರ ಫೆಬ್ರವರಿ 21ರಂದು, 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಹುಟ್ಟಿದ್ದು ರಂಗೂನಿನಲ್ಲಿ, ವಕೀಲಿಕೆ ಶುರುವಾದದ್ದು ಮುಂಬೈಯಲ್ಲಿ. 1975ರಲ್ಲಿ ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಅಡಿಷನಲ್ ಸಾಲಿಸಿಟರ್ ಜನರಲ್ ಹುದ್ದೆ ಬಿಟ್ಟರು.

ಭೋಪಾಲ್ ದುರಂತದಲ್ಲಿ ಯೂನಿಯನ್ ಕಾರ್ಬೈಡ್ ಪರ ನಿಂತದ್ದೂ ಇವರೇ. ಮುಚ್ಚಿಡುವುದೇಕೆ? ಆ ಕೇಸು ಒಪ್ಪಿಕೊಂಡದ್ದಕ್ಕೆ ಅವರೇ ಮುಂದೆ ವಿಷಾದಿಸಿದರು.

ನನಗೆ ಹೆಚ್ಚು ಹಿಡಿಸುವುದು 2016ರ ಸಂಗತಿ. ನೀರು ಬಿಡಿ ಎಂಬ ಸುಪ್ರೀಂ ಕೋರ್ಟಿನ ಆದೇಶವನ್ನು ಕರ್ನಾಟಕ ಪಾಲಿಸದಿದ್ದಾಗ, ವಾದ ಮಂಡಿಸಲಾರೆ ಎಂದುಬಿಟ್ಟರು. ಸ್ವಂತ ಕಕ್ಷಿದಾರನಿಗೇ!

ಆಮೇಲೂ ರಾಜ್ಯ ಅವರನ್ನು ಬಿಡಲಿಲ್ಲ. 2018ರ ತೀರ್ಪಿನಲ್ಲಿ ಕರ್ನಾಟಕಕ್ಕೆ ಹೆಚ್ಚುವರಿ 14.75 ಟಿಎಂಸಿ ಸಿಕ್ಕಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ.