ಹರಿದ ಚೀಟಿಯ ಲೆಕ್ಕ

ನಮ್ಮ ಕ್ಲಬ್ಬುಗಳಲ್ಲಿ, ಬಡಾವಣೆಯ ಹಬ್ಬಗಳಲ್ಲಿ ಆಡುವ ತಂಬೋಲ ಯಾರಿಗೆ ಗೊತ್ತಿಲ್ಲ? ಚೀಟಿ ಕೊಂಡು ಕೂತರೆ ಒಬ್ಬರು ಅಂಕಿ ಕೂಗುತ್ತಾರೆ, ಸಾಲು ತುಂಬಿದವರಿಗೆ ಬಹುಮಾನ, ಮಿಕ್ಕ ದುಡ್ಡು ಸಮಿತಿಗೆ. ಅಮೆರಿಕದಲ್ಲಿ ಇದರ ದಾಯಾದಿಯ ಹೆಸರು ಬಿಂಗೊ. ಅಲ್ಲಿನ ಹಲವು ರಾಜ್ಯಗಳಲ್ಲಿ ಚರ್ಚುಗಳು, ಮಾಜಿ ಸೈನಿಕರ ಸಂಘಗಳು, ಮಕ್ಕಳ ಕ್ರೀಡಾ ಸಂಘಗಳು ಪರವಾನಗಿ ಪಡೆದು ಇದನ್ನು ಆಡಿಸುತ್ತವೆ. ಲಾಭ ಸಮಾಜದ ಕೆಲಸಕ್ಕೆ ಹೋಗಬೇಕು. ಸರ್ಕಾರ ತನ್ನ ಪಾಲಿನ ತೆರಿಗೆ ಹಿಡಿದುಕೊಳ್ಳುತ್ತದೆ. ಇಂಥ ಆಟವನ್ನು ಹಿಗ್ಗಿಸಿದರೆ ಬೊಕ್ಕಸಕ್ಕೆ ಏನಾಗುತ್ತದೆ? ಇದನ್ನು ಅರಿಯಲು ಮಿನ್ನೆಸೋಟ ರಾಜ್ಯದ ಅನುಭವಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಮಿನ್ನೆಸೋಟದಲ್ಲಿ ಬಿಂಗೊಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1945ರಲ್ಲಿ. 1981ರಲ್ಲಿ ಪುಲ್‌ಟ್ಯಾಬ್ ಬಂತು. ಇದು ಅಂಗೈಯಗಲದ ರಟ್ಟಿನ ಚೀಟಿ. ಬಾರಿನ ಮೂಲೆಯ ಪುಟ್ಟ ಕಟ್ಟೆಯಲ್ಲಿ ಸಂಘದ ಕಡೆಯವರು ಮಾರುತ್ತಾರೆ. ಡಾಲರೋ ಎರಡು ಡಾಲರೋ ಕೊಟ್ಟು ಕೊಂಡು, ಹಿಂಬದಿಯ ಪಟ್ಟಿಗಳನ್ನು ಒಂದೊಂದಾಗಿ ಹರಿದರೆ ಒಳಗೆ ಚಿತ್ರಗಳು ಕಾಣುತ್ತವೆ. ಹೊಂದಿದರೆ ದುಡ್ಡು, ಇಲ್ಲದಿದ್ದರೆ ಚೀಟಿ ಬುಟ್ಟಿಗೆ. ಊರಿನ ಮಕ್ಕಳ ಹಾಕಿ ತಂಡ ಆಡುವ ಮಂಜಿನ ಅಂಗಳದ ಖರ್ಚು ಎಷ್ಟೋ ಕಡೆ ಹೀಗೆ ಹರಿದು ಬಿಸಾಡಿದ ಚೀಟಿಗಳಿಂದಲೇ ಹುಟ್ಟುತ್ತದೆ.

ಅಷ್ಟರಲ್ಲಿ ರಾಜ್ಯಕ್ಕೆ ದೊಡ್ಡದೊಂದು ಖರ್ಚು ಎದುರಾಯಿತು. ಮಿನ್ನೆಸೋಟ ವೈಕಿಂಗ್ಸ್ ಎಂಬ ಅಮೆರಿಕನ್ ಫುಟ್ಬಾಲ್ ತಂಡಕ್ಕೆ ಹೊಸ ಕ್ರೀಡಾಂಗಣ ಬೇಕಿತ್ತು. ಆಗಿನ ಅಂದಾಜು ವೆಚ್ಚ 97.5 ಕೋಟಿ ಡಾಲರ್, ಅದರಲ್ಲಿ ರಾಜ್ಯದ ಪಾಲು 34.8 ಕೋಟಿ. ಹೊಸ ತೆರಿಗೆ ಹಾಕಲು ಶಾಸಕರಿಗೆ ಮನಸ್ಸಿರಲಿಲ್ಲ. 2012ರ ಮೇ ತಿಂಗಳಲ್ಲಿ ರಾಜ್ಯಪಾಲ ಮಾರ್ಕ್ ಡೇಟನ್ ಸಹಿ ಹಾಕಿದ ಕಾಯ್ದೆ ಬೇರೆ ದಾರಿ ಹಿಡಿಯಿತು. ರಟ್ಟಿನ ಚೀಟಿಯ ಜೊತೆಗೆ ಟ್ಯಾಬ್ಲೆಟ್ ಪರದೆಯ ಮೇಲೆ ಆಡುವ ಎಲೆಕ್ಟ್ರಾನಿಕ್ ಪುಲ್‌ಟ್ಯಾಬ್ ಬರಲಿ, ಹಲವು ಬಾರುಗಳನ್ನು ಒಂದೇ ಜಾಲದಲ್ಲಿ ಹೆಣೆದು ಆಡಿಸುವ ಬಿಂಗೊ ಬರಲಿ. ಆಟ ಬೆಳೆದು ತೆರಿಗೆ ಹೆಚ್ಚಿದಾಗ, ಆ ಹೆಚ್ಚಳದಿಂದ ಕ್ರೀಡಾಂಗಣದ ಸಾಲ ತೀರಲಿ ಎಂಬ ಲೆಕ್ಕ.

ತೆರಿಗೆಯ ಕಟ್ಟನ್ನು ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡಬೇಕು, ಏಕೆಂದರೆ ಜನ ಎಡವುವುದೇ ಇಲ್ಲಿ. ನೂರು ಡಾಲರ್ ಚೀಟಿ ಮಾರಿದರೆ ಸುಮಾರು 85 ಡಾಲರ್ ಬಹುಮಾನವಾಗಿ ಆಟಗಾರರಿಗೇ ಮರಳುತ್ತದೆ. ಉಳಿದ 15 ಡಾಲರ್ ಮೇಲೆ ತೆರಿಗೆ. ಬಾರಿನ ಬಾಡಿಗೆ, ಮಾರುವವರ ಸಂಬಳ, ಯಂತ್ರದ ಕಂಪನಿಯ ಪಾಲು ಕಳೆಯುವ ಮೊದಲೇ ಈ ತೆರಿಗೆ ಬೀಳುತ್ತದೆ. ಒಂದು ಸಂಘ ವರ್ಷಕ್ಕೆ 13 ಲಕ್ಷ ಡಾಲರ್‌ಗೂ ಸ್ವಲ್ಪ ಹೆಚ್ಚಿಗೆ ಚೀಟಿ ಮಾರಿ, ಬಹುಮಾನ ಹಂಚಿ, 2 ಲಕ್ಷ ಡಾಲರ್ ಉಳಿಸಿಕೊಂಡಿತು ಎನ್ನಿ. 2012ರ ದರದ ಪ್ರಕಾರ ಮೊದಲ 87,500 ಡಾಲರ್‌ಗೆ ಶೇ. 9, ಅಲ್ಲಿಂದ 1,22,500ರವರೆಗೆ ಶೇ. 18, ಆಮೇಲೆ 1,57,500ರವರೆಗೆ ಶೇ. 27, ಅದರಾಚೆಗೆ ಶೇ. 36. ಕೂಡಿದರೆ 38,925 ಡಾಲರ್ ತೆರಿಗೆ. ಸಭಾಂಗಣದಲ್ಲಿ ಅಂಕಿ ಕೂಗಿ ಆಡಿಸುವ ಹಳೆಯ ಬಿಂಗೊದಿಂದಲೇ ಅಷ್ಟು ಉಳಿದಿದ್ದರೆ ಶೇ. 8.5ರ ಒಂದೇ ದರ, ಅಂದರೆ 17,000 ಡಾಲರ್ ಮಾತ್ರ. ಜಾಲದ ಬಿಂಗೊ, ಪುಲ್‌ಟ್ಯಾಬ್‌ಗಳಿಗೆ ಏರುವ ದರ; ಹಳೆಯ ಬಿಂಗೊಗೆ ಏರದ ದರ. ಹಾಗಾಗಿ ಆಟ ಯಾವ ದಿಕ್ಕಿಗೆ ಹಿಗ್ಗಿತು ಎಂಬುದರ ಮೇಲೆ ಬೊಕ್ಕಸದ ಗಳಿಕೆ ನಿಂತಿದೆ. ಒಟ್ಟು ವಹಿವಾಟಿನ ಅಂಕಿ ಮಾತ್ರ ನೋಡಿದವರಿಗೆ ಇದು ತಿಳಿಯುವುದೇ ಇಲ್ಲ.

ಮೊದಲ ವರ್ಷ ಅಂದಾಜು ನೆಲಕಚ್ಚಿತು. 2013ಕ್ಕೆ ಹೊಸ ಆಟಗಳಿಂದ ಸುಮಾರು 3.5 ಕೋಟಿ ಡಾಲರ್ ಬರುತ್ತದೆಂದು ಲೆಕ್ಕ ಹಾಕಿದ್ದರು. ಕೆಲವೇ ತಿಂಗಳಲ್ಲಿ ಅದನ್ನು ಅರ್ಧಕ್ಕೆ ಇಳಿಸಿದರು. 2013ರ ಮಾರ್ಚ್ ಹೊತ್ತಿಗೆ ಉಳಿದದ್ದು 17 ಲಕ್ಷ. ಬಾರುಗಳು ನೆನೆಸಿದ ವೇಗದಲ್ಲಿ ಟ್ಯಾಬ್ಲೆಟ್ ತರಿಸಲಿಲ್ಲ, ರಟ್ಟು ಹರಿದು ಅಭ್ಯಾಸವಾದ ಕೈಗಳು ಪರದೆಗೆ ಒಗ್ಗಲಿಲ್ಲ. ಮೊದಲ ಅಂದಾಜಿಗೆ ಯಂತ್ರ ತಯಾರಕರು ಕೊಟ್ಟ ಮಾಹಿತಿಯನ್ನೇ ಬಹುಮಟ್ಟಿಗೆ ನೆಚ್ಚಿಕೊಂಡಿದ್ದರೆಂಬುದು ಆಮೇಲೆ ಹೊರಬಿತ್ತು. ಮಾರುವವನ ಮಾತನ್ನೇ ನಂಬಿ ಬಜೆಟ್ ಬರೆಯುವುದು ದೊಡ್ಡ ತಪ್ಪು, ಇದನ್ನು ಮೆದುವಾಗಿ ಹೇಳಬೇಕೆಂದು ನನಗೆ ಅನಿಸುವುದಿಲ್ಲ. ಸಾಲ ಕಾಯುವುದಿಲ್ಲವಲ್ಲ. ಅದೇ ವರ್ಷ ಶಾಸಕರು ಅಂಗಡಿಗಳ ಸಿಗರೇಟು ದಾಸ್ತಾನಿನ ಮೇಲೆ ಒಂದು ಸಲದ ತೆರಿಗೆ ಹಾಕಿದರು, ಕಂಪನಿಗಳ ಆದಾಯ ತೆರಿಗೆಯಲ್ಲಿದ್ದ ಒಂದು ಸಂದನ್ನು ಮುಚ್ಚಿದರು. ಹೊಸ ತೆರಿಗೆ ಬೇಡವೆಂದು ಹಿಡಿದ ದಾರಿ ಒಂದೇ ವರ್ಷದಲ್ಲಿ ಹೊಸ ತೆರಿಗೆಗೇ ಬಂದು ನಿಂತಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಕ್ರೀಡಾಂಗಣ 2016ರಲ್ಲಿ ತೆರೆಯಿತು. ಟ್ಯಾಬ್ಲೆಟ್ ಆಟಗಳೂ ಬದಲಾಗುತ್ತ ಹೋದವು. ಪಟ್ಟಿಗಳನ್ನು ಒಂದೊಂದಾಗಿ ತೆರೆಯುವ ಬದಲು ಒಂದೇ ಗುಂಡಿ ಒತ್ತಿದರೆ ಎಲ್ಲ ತೆರೆದುಕೊಳ್ಳುವ ಸೌಲಭ್ಯ ಬಂತು. ಆಟದ ವೇಗ ಏರಿತು, ಖರ್ಚೂ ಏರಿತು. 2022ರ ಹಣಕಾಸು ವರ್ಷದ ಹೊತ್ತಿಗೆ ರಾಜ್ಯದ ದತ್ತಿ ಜೂಜಿನ ಒಟ್ಟು ವಹಿವಾಟು 400 ಕೋಟಿ ಡಾಲರ್ ಮುಟ್ಟಿತು. ಕ್ರೀಡಾಂಗಣದ ಸಾಲಕ್ಕೆಂದು ಈ ತೆರಿಗೆಯಿಂದ ಕೂಡಿಟ್ಟ ಮೀಸಲು ನಿಧಿ ಎಷ್ಟು ಉಬ್ಬಿತೆಂದರೆ 2023ರ ಜೂನ್‌ನಲ್ಲಿ ರಾಜ್ಯ 37.7 ಕೋಟಿ ಡಾಲರ್ ಕಟ್ಟಿ, ಅವಧಿಗಿಂತ ಸುಮಾರು 20 ವರ್ಷ ಮೊದಲೇ ಕ್ರೀಡಾಂಗಣದ ಸಾಲಪತ್ರಗಳನ್ನು ತೀರಿಸಿಬಿಟ್ಟಿತು.

ಇದನ್ನು ಗೆಲುವೆನ್ನಬಹುದು. ಸಾಲವಂತೂ ತೀರಿತು. ಆದರೆ ಒಂದು ಸಣ್ಣ ಕೂಡು-ಕಳೆ ಮಾಡಿ ನೋಡಿ. 400 ಕೋಟಿಯಲ್ಲಿ ಶೇ. 85ರಷ್ಟು ಬಹುಮಾನವಾಗಿ ಮರಳಿದೆಯೆಂದರೂ ಆಟಗಾರರ ಕೈಬಿಟ್ಟ ಹಣ 60 ಕೋಟಿ ಡಾಲರ್, ಅದೂ ಒಂದೇ ವರ್ಷದಲ್ಲಿ. ಬೊಕ್ಕಸದ ಗಳಿಕೆ, ಸಂಘಗಳ ಗಳಿಕೆ, ಯಂತ್ರದ ಕಂಪನಿಯ ಪಾಲು ಎಲ್ಲವೂ ಬಂದದ್ದು ಈ ಅರವತ್ತರಿಂದ. ಮಿನ್ನೆಸೋಟದ ಮನೆಗಳಿಂದ ಹೊರಟ ಈ ದುಡ್ಡಿನಲ್ಲಿ ಒಂದಿಷ್ಟು, ಚೀಟಿ ಇಲ್ಲದಿದ್ದರೆ, ಅದೇ ಊರಿನ ಹೋಟೆಲಿಗೋ ಬಟ್ಟೆ ಅಂಗಡಿಗೋ ಹೋಗಿ ಅಲ್ಲಿಯ ಮಾರಾಟ ತೆರಿಗೆಯಾಗುತ್ತಿತ್ತು. ಹಿಗ್ಗಿದ ಆಟದಿಂದ ಬಂದದ್ದನ್ನು ಬರೆದುಕೊಳ್ಳುವ ಲೆಕ್ಕಪುಸ್ತಕ, ಬೇರೆಡೆ ಬಾರದೆ ಹೋದದ್ದಕ್ಕೂ ಒಂದು ಪುಟ ಬಿಡಬೇಕು.

ಇನ್ನೊಂದು ಪಕ್ಷವೂ ಇತ್ತು. ಮೂಲನಿವಾಸಿ ಬುಡಕಟ್ಟುಗಳು ತಮ್ಮ ನೆಲದಲ್ಲಿ ಕ್ಯಾಸಿನೊ ನಡೆಸಿ ಶಾಲೆ, ಆಸ್ಪತ್ರೆ ನೋಡಿಕೊಳ್ಳುತ್ತವೆ. ಒಂದೇ ಗುಂಡಿಗೆ ಎಲ್ಲ ತೆರೆಯುವ ಟ್ಯಾಬ್ಲೆಟ್ಟು ಹೆಸರಿಗೆ ಚೀಟಿ, ಕೆಲಸದಲ್ಲಿ ಸ್ಲಾಟ್ ಯಂತ್ರ ಎಂಬುದು ಅವರ ಆಕ್ಷೇಪ. ಶಾಸನಸಭೆ ಅದನ್ನು ಒಪ್ಪಿತು. 2023ರಲ್ಲಿ ಆದ ಕಾಯ್ದೆ ಆ ಗುಂಡಿಯನ್ನು 2025ರ ಜನವರಿ 1ರಿಂದ ನಿಷೇಧಿಸಿತು. ಆದಾಯ ಕುಸಿದೀತೆಂಬ ಸಂಘಗಳ ಅಳಲಿಗೆ ತೆರಿಗೆ ದರವನ್ನು ಶೇ. 8, 17, 25, 33.5ಕ್ಕೆ ಇಳಿಸಿತು. ಈಗ ಆ ಪರದೆಯ ಮೇಲೂ ಆಟಗಾರರು ಹಳೆಯ ರಟ್ಟಿನ ಚೀಟಿಯಂತೆಯೇ ಪಟ್ಟಿಗಳನ್ನು ಒಂದೊಂದಾಗಿ ತೆರೆಯುತ್ತಾರೆ.