ಹರಿಗೋಲಿನ ಗಾಳಗಾರರು ಬರೆದಿಟ್ಟ ಲೆಕ್ಕ

ರಜೆಯಲ್ಲಿ ಕಡಲ ತೀರಕ್ಕೆ ಹೋದವರು ಕಯಾಕ್ ಎಂಬ ಕಿರುದೋಣಿಯನ್ನು ನೋಡಿರಬಹುದು. ಅದರಲ್ಲಿ ಒಬ್ಬನೇ ಕುಳಿತು, ಎರಡು ತುದಿಗಳಲ್ಲಿಯೂ ಅಲಗುಳ್ಳ ಹುಟ್ಟಿನಿಂದ ಎಡಬಲಗಳಲ್ಲಿ ನೀರನ್ನು ಹಿಂದಕ್ಕೆ ತಳ್ಳುತ್ತ, ದಡದ ಬಳಿಯ ಆಳವಿಲ್ಲದ ನೀರಿನಲ್ಲಿ ಸಾಗಿ, ಗಾಳ ಹಾಕಿ ಮೀನಿಗಾಗಿ ಕಾಯುವುದು ಇಂದು ಅನೇಕ ದೇಶಗಳಲ್ಲಿ ರಜೆಯ ವಿನೋದವಾಗಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಿಗೆ ಕಡಲಿಲ್ಲ. ಆದರೆ ಅರ್ಕಾವತಿ ಉಂಟು, ಕಣ್ವ ಉಂಟು, ದಕ್ಷಿಣದ ಎಲ್ಲೆಯಲ್ಲಿ ಸಾಕ್ಷಾತ್ ಕಾವೇರಿಯೇ ಉಂಟು. ಆಳವಿಲ್ಲದ ನೀರಿಗೆಂದೇ ಮಾಡಿದಂತಿರುವ ನಮ್ಮದೇ ಆದ ದೋಣಿಯೂ ಉಂಟು. ಅದೇ ಹರಿಗೋಲು.

ಈ ಹರಿಗೋಲಿನಲ್ಲಿ ಕುಳಿತು ಕೇವಲ ವಿನೋದಕ್ಕಾಗಿ ಗಾಳ ಹಾಕಿದವರು ತಾವು ಹಿಡಿದ ಮೀನುಗಳ ಲೆಕ್ಕವನ್ನು ಬರೆದಿಟ್ಟರು. ಆ ಲೆಕ್ಕದಿಂದ, ಕಾವೇರಿಯ ಒಂದು ಮಹಾಮತ್ಸ್ಯವು ನಮ್ಮ ಕಾಲದಲ್ಲಿಯೇ ಅಳಿವಿನ ಅಂಚಿಗೆ ಬಂದು ನಿಂತಿರುವ ಸಂಗತಿ ಹೊರಬಿದ್ದಿತು. ಆ ವೃತ್ತಾಂತವನ್ನು ಇಲ್ಲಿ ವಿವರಿಸಲಾಗಿದೆ.

ನಾಲ್ಕು ತಾಲ್ಲೂಕುಗಳ ನೀರು

ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ ದಕ್ಷಿಣಾಭಿಮುಖವಾಗಿ ಹರಿಯುತ್ತದೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಅದಕ್ಕೆ ಅಣೆಕಟ್ಟನ್ನು ಕಟ್ಟಿದ್ದಾರೆ. ಅಲ್ಲಿಂದ ಮುಂದೆ ರಾಮನಗರವನ್ನೂ ಕನಕಪುರದ ಪ್ರದೇಶವನ್ನೂ ಹಾದು, ಸಂಗಮವೆಂಬ ಸ್ಥಳದಲ್ಲಿ ಅದು ಕಾವೇರಿಯನ್ನು ಸೇರುತ್ತದೆ. ಚನ್ನಪಟ್ಟಣದ ಬಳಿಯ ಕಣ್ವ ನದಿಗೆ 1946ರಲ್ಲಿ ಜಲಾಶಯ ನಿರ್ಮಾಣವಾಯಿತು; ಆ ನದಿಯ ನೀರು ಶಿಂಷೆಯ ಮೂಲಕ ಕಾವೇರಿಗೇ ಹೋಗುತ್ತದೆ. ಹೀಗೆ ಈ ನಾಲ್ಕು ತಾಲ್ಲೂಕುಗಳ ಹಳ್ಳಕೊಳ್ಳಗಳೆಲ್ಲ ಕಟ್ಟಕಡೆಗೆ ಕಾವೇರಿಯ ಪಾಲು.

ಸಂಗಮದಿಂದ ಸುಮಾರು 4 ಕಿಲೋಮೀಟರ್ ಕೆಳಗೆ, ವಿಶಾಲವಾಗಿ ಹರಿಯುತ್ತಿದ್ದ ನದಿಯು ಮೇಕೆದಾಟುವಿನ ಇಕ್ಕಟ್ಟಾದ ಕಮರಿಯಲ್ಲಿ ನುಗ್ಗುತ್ತದೆ. ಸಂಗಮದ ಆಸುಪಾಸಿನಲ್ಲಿ ಮಾತ್ರ ಬೇಸಗೆಯ ಕಾವೇರಿ ಬೇರೆಯೇ ಬಗೆಯದು: ಒಂದೆಡೆ ಮೊಳಕಾಲುದ್ದದ ತಿಳಿನೀರು, ಪಕ್ಕದಲ್ಲಿಯೇ ಬಂಡೆಗಳ ಸಾಲು, ಅದರಾಚೆಗೆ ತಳಕಾಣದ ಮಡು. ಇಂತಹ ನದಿಯಲ್ಲಿ ತಳವು ಆಳಕ್ಕಿಳಿಯುವ ದೋಣಿ ನಡೆಯಲಾರದು. ಇಲ್ಲಿ ಹರಿಗೋಲೇ ಒಡೆಯ.

ದುಂಡು ದೋಣಿಯ ಗುಟ್ಟು

ಹರಿಗೋಲೆಂದರೆ ಬಿದಿರಿನ ದೆಬ್ಬೆಗಳಿಂದ ಹೆಣೆದ ದೊಡ್ಡ ಬುಟ್ಟಿ. ಹಿಂದೆ ಅದರ ಹೊರಮೈಗೆ ಚರ್ಮವನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಟಾರು ಬಳಿಯುವುದು ವಾಡಿಕೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜನರು ಬುಟ್ಟಿಯಂತೆ ದುಂಡಗಿರುವ ಚರ್ಮದ ದೋಣಿಗಳಲ್ಲಿ ನದಿಯನ್ನು ದಾಟುತ್ತಿದ್ದುದನ್ನು ವರ್ಣಿಸಿದ್ದಾನೆ. ಹದಿನೈದು ಇಪ್ಪತ್ತು ಜನರನ್ನಲ್ಲದೆ ಎತ್ತು ಕುದುರೆಗಳನ್ನೂ ಅವು ಸಾಗಿಸುತ್ತಿದ್ದುವಂತೆ.

ಇಷ್ಟು ಭಾರವನ್ನು ಹೊತ್ತರೂ ಹರಿಗೋಲು ನೀರಿನಲ್ಲಿ ಆಳಕ್ಕೆ ಇಳಿಯುವುದಿಲ್ಲ. ಇದರ ಕಾರಣವನ್ನು ಆರ್ಕಿಮಿಡೀಸನ ತತ್ತ್ವದಿಂದ ತಿಳಿಯಬಹುದು. ತೇಲುವ ವಸ್ತುವು ತನ್ನ ತೂಕಕ್ಕೆ ಸಮನಾದ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. 2 ಮೀಟರ್ ವ್ಯಾಸದ ಒಂದು ಹರಿಗೋಲನ್ನು ಕಲ್ಪಿಸಿಕೊಳ್ಳಿ. ಹರಿಗೋಲಿನ ತೂಕ 40 ಕಿಲೋಗ್ರಾಮ್, ಅದರಲ್ಲಿ ಕುಳಿತ ಇಬ್ಬರ ತೂಕ 120 ಕಿಲೋಗ್ರಾಮ್ ಎಂದಿಟ್ಟುಕೊಳ್ಳೋಣ. ಒಟ್ಟು 160 ಕಿಲೋಗ್ರಾಮ್. ಅಷ್ಟು ನೀರಿನ ಗಾತ್ರ 0.16 ಘನ ಮೀಟರ್. ಹರಿಗೋಲಿನ ತಳದ ವಿಸ್ತೀರ್ಣ ಸುಮಾರು 3.14 ಚದರ ಮೀಟರ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ದೊರೆಯುವುದು 0.05 ಮೀಟರ್, ಅಂದರೆ 5 ಸೆಂಟಿಮೀಟರ್! ತಳವು ಕೊಂಚ ಬಾಗಿರುವುದರಿಂದ ವಾಸ್ತವವಾಗಿ ಇದಕ್ಕಿಂತ ಸ್ವಲ್ಪ ಹೆಚ್ಚು ಮುಳುಗಬಹುದು. ಆದರೂ ಒಂದು ಗೇಣು ನೀರಿದ್ದರೆ ಹರಿಗೋಲು ಸರಾಗವಾಗಿ ತೇಲುತ್ತದೆ.

ಎರಡನೆಯ ಗುಣ ಅದರ ಸ್ಥಿರತೆ. ದೋಣಿಯು ಒಂದು ಪಕ್ಕಕ್ಕೆ ವಾಲಿದಾಗ ಆ ಪಕ್ಕದಲ್ಲಿ ಹೆಚ್ಚು ನೀರು ಸರಿದು, ಅದನ್ನು ಮತ್ತೆ ಮೇಲಕ್ಕೆ ಒತ್ತುತ್ತದೆ. ಒಂದೇ ಉದ್ದದ, ಒಂದೇ ಆಕೃತಿಯ ಎರಡು ದೋಣಿಗಳಲ್ಲಿ ಒಂದರ ಅಗಲ ಇನ್ನೊಂದರ ಎರಡರಷ್ಟಿದ್ದರೆ, ಅದನ್ನು ನೆಟ್ಟಗೆ ನಿಲ್ಲಿಸುವ ಈ ಗುಣವು ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ. ಅಗಲದ ಘನಕ್ಕೆ ಅನುಸಾರವಾಗಿ ಅದು ಬೆಳೆಯುತ್ತದೆ. ಕಯಾಕ್ ಉತ್ತರಧ್ರುವ ಪ್ರದೇಶದ ಇನುಯಿಟ್ ಜನರ ಬೇಟೆಯ ದೋಣಿ. ಅದು ಉದ್ದ ಮತ್ತು ಕಿರಿದು. ನೀರನ್ನು ಸೀಳಿಕೊಂಡು ಬಾಣದಂತೆ ಹೋಗಬಲ್ಲುದು, ಆದರೆ ಸುಲಭವಾಗಿ ಮಗುಚಿಕೊಳ್ಳುತ್ತದೆ. ಹರಿಗೋಲಿಗೆ ಆ ವೇಗವಿಲ್ಲ. ಅದಕ್ಕೆ ಮುಂದು ಹಿಂದುಗಳೇ ಇಲ್ಲ. ಹುಟ್ಟನ್ನು ಒಂದೇ ಪಕ್ಕದಲ್ಲಿ ಹಾಕಿದರೆ ಬುಗುರಿಯಂತೆ ತಿರುಗುತ್ತದೆ. ಆದ್ದರಿಂದಲೇ ಅಂಬಿಗನು ಅಂಚಿನಲ್ಲಿ ಕುಳಿತು, ತಾನು ಹೋಗಬೇಕಾದ ದಿಕ್ಕಿನಲ್ಲಿ ಹುಟ್ಟನ್ನು ಊರಿ ನೀರನ್ನು ತನ್ನತ್ತ ಸೆಳೆದುಕೊಳ್ಳುತ್ತಾನೆ. ತಿರುಗುವ ಸ್ವಭಾವವೂ ಬಂಡೆಗಳ ನಡುವೆ ಉಪಕಾರಕವೇ: ಎದುರಿಗೆ ಕಲ್ಲು ಬಂದರೆ ನಿಂತಲ್ಲಿಯೇ ಹೊರಳಿಕೊಂಡು ಪಕ್ಕಕ್ಕೆ ಸರಿಯಬಹುದು.

ತಿಳಿನೀರಿನ ಮೋಸ

ಆಳವಿಲ್ಲದ ನೀರು ಅಪಾಯವಿಲ್ಲದ ನೀರಲ್ಲ. ಸಂಗಮ, ಮೇಕೆದಾಟು, ಮಂಚನಬೆಲೆಗಳಿಗೆ ವಿಹಾರಕ್ಕೆ ಹೋದ ತರುಣರು ನೀರುಪಾಲಾದ ವಾರ್ತೆಯನ್ನು ನಾವು ಮತ್ತೆ ಮತ್ತೆ ಓದುತ್ತೇವೆ. ಇದಕ್ಕೆ ಭೌತವಿಜ್ಞಾನವು ಎರಡು ಕಾರಣಗಳನ್ನು ಹೇಳುತ್ತದೆ.

ಮೊದಲನೆಯದು ಬೆಳಕಿನ ವಕ್ರೀಭವನ. ನೀರಿನಿಂದ ಗಾಳಿಗೆ ಬರುವಾಗ ಬೆಳಕಿನ ಕಿರಣವು ಬಾಗುವುದರಿಂದ ತಳವು ಮೇಲಕ್ಕೆದ್ದಂತೆ ತೋರುತ್ತದೆ. ನೇರವಾಗಿ ಕೆಳಗೆ ನೋಡಿದಾಗ 4 ಅಡಿ ಆಳದ ನೀರು 3 ಅಡಿಯಂತೆ ಕಾಣುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಎರಡನೆಯದು ಹರಿವಿನ ಬಲ. ನೀರಿನ ವೇಗ ಎರಡರಷ್ಟಾದರೆ ಅದರ ನೂಕುಬಲ ನಾಲ್ಕರಷ್ಟಾಗುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದ ನೀರು ಮೊಳಕಾಲಿನವರೆಗೆ ಇಳಿದವನನ್ನು ಸುಮಾರು 5 ಕಿಲೋಗ್ರಾಮ್ ತೂಕದಷ್ಟು ಬಲದಿಂದ ತಳ್ಳಿದರೆ, 2 ಮೀಟರ್ ವೇಗದ ನೀರು ಸುಮಾರು 20 ಕಿಲೋಗ್ರಾಮಿನಷ್ಟು ಬಲದಿಂದ ತಳ್ಳುತ್ತದೆ. ಪಾಚಿಗಟ್ಟಿದ ಬಂಡೆಯ ಮೇಲೆ ಇಷ್ಟು ಸಾಕು. ಹರಿಗೋಲಿನಲ್ಲಿ ಕುಳಿತವರು ಎದ್ದು ನಿಲ್ಲಬಾರದು, ಎಲ್ಲರೂ ಒಂದೇ ಅಂಚಿಗೆ ಸರಿಯಬಾರದು, ತೇಲುವ ಅಂಗಿಯನ್ನು ತೊಡದೆ ಏರಲೇಬಾರದು ಎಂಬ ನಿಯಮಗಳನ್ನು ಅಲಕ್ಷಿಸುವುದು ಜಾಣತನವಲ್ಲ.

ಗಾಳಿಬೋರೆಯ ಲೆಕ್ಕಪುಸ್ತಕ

ಗಾಳದ ವಿನೋದ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೇ ಒಂದು ಪ್ರಕರಣವಿದೆ. ಮುಂದೆ ಬ್ರಿಟಿಷರ ಕಾಲದಲ್ಲಿ ಕಾವೇರಿಯ ಮಹಶೀರ್ ಮೀನು ದೂರದೇಶಗಳ ಗಾಳಗಾರರನ್ನೂ ಆಕರ್ಷಿಸಿತು. ದೊಡ್ಡ ಹುರುಪೆಗಳ, ದಪ್ಪ ತುಟಿಗಳ, ಅಪಾರ ಬಲದ ಮೀನಿದು. ಕಾವೇರಿಯ ಉಪನದಿಯಾದ ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮಹಶೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋಗ್ರಾಮ್ ತೂಗಿತು.

ಕನಕಪುರ ತಾಲ್ಲೂಕಿನಲ್ಲಿ, ಸಂಗಮಕ್ಕೆ ಸಮೀಪವಾಗಿ ಕಾವೇರಿಯ ದಡದಲ್ಲಿರುವ ಗಾಳಿಬೋರೆಯಲ್ಲಿ ಇಂತಹ ಗಾಳಗಾರರಿಗಾಗಿ ಒಂದು ಶಿಬಿರವಿತ್ತು. ರಜೆ ಕಳೆಯಲು ಬಂದವರು ಹರಿಗೋಲಿನಲ್ಲಿ ಕುಳಿತು ಬಂಡೆಗಳ ಬಳಿಗೆ ಹೋಗುತ್ತಿದ್ದರು. ಗಾಳಕ್ಕೆ ಸಿಕ್ಕಿಸುತ್ತಿದ್ದ ಆಹಾರ ಮತ್ತೇನಲ್ಲ, ನಮ್ಮ ರಾಗಿಹಿಟ್ಟಿನ ಉಂಡೆ! ದೊಡ್ಡ ಮೀನು ಕಚ್ಚಿಕೊಂಡು ಹೊಳೆಯ ಕೆಳಗೆ ಓಡಿದರೆ ಹರಿಗೋಲಿನಲ್ಲಿಯೇ ಅದರ ಬೆನ್ನುಹತ್ತುತ್ತಿದ್ದರು. ಹಿಡಿದ ಮೀನನ್ನು ಕೊಲ್ಲುವಂತಿರಲಿಲ್ಲ. ತೂಗಿ, ಲೆಕ್ಕ ಬರೆದು, ಮತ್ತೆ ನದಿಗೇ ಬಿಡಬೇಕಾಗಿತ್ತು.

ಈ ಲೆಕ್ಕಪುಸ್ತಕಗಳೇ ಮುಂದೆ ವಿಜ್ಞಾನಕ್ಕೆ ನಿಧಿಯಾದುವು. 1998ರಿಂದ 2012ರವರೆಗಿನ ದಾಖಲೆಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಎಂಬ ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಒಟ್ಟು 23,620 ಗಂಟೆಗಳ ಗಾಳಗಾರಿಕೆಯಲ್ಲಿ 6,161 ಮಹಶೀರ್‌ಗಳು ಸಿಕ್ಕಿದ್ದುವು. ಭಾಗಿಸಿ ನೋಡಿದರೆ, ಒಂದು ಮೀನಿಗೆ ಸರಾಸರಿ ನಾಲ್ಕು ಗಂಟೆಗಳಿಗೆ ಕೊಂಚ ಕಡಿಮೆ.

ಹೀಗೆ ಗಂಟೆಗಳಿಂದ ಭಾಗಿಸುವುದೇಕೆ? ಒಂದು ವರ್ಷ 500 ಮೀನು, ಮರುವರ್ಷ 250 ಮೀನು ಸಿಕ್ಕಿದುವೆಂದರೆ ಮೀನುಗಳು ಅರ್ಧವಾದುವೆಂದು ಹೇಳಲಾಗದು. ಮರುವರ್ಷ ಗಾಳಗಾರರೇ ಅರ್ಧದಷ್ಟು ಬಂದಿರಬಹುದು. ಪಟ್ಟ ಶ್ರಮಕ್ಕೆ ಹೋಲಿಸಿದಾಗ ಮಾತ್ರ ದೊರೆತ ಫಲವು ನದಿಯ ಸ್ಥಿತಿಯನ್ನು ಸೂಚಿಸುತ್ತದೆ. ಕಣ್ಣಿಗೆ ಕಾಣದ ಮೀನುಗಳ ಏರಿಳಿತವನ್ನು ಅಳೆಯಲು ಮತ್ಸ್ಯವಿಜ್ಞಾನಿಗಳಿಗೆ ಇದೊಂದು ಮುಖ್ಯ ಸಾಧನ.

ಮೇಲಿನ ತರಗತಿ ಮಾತ್ರ ಉಳಿದ ಶಾಲೆ

ಕಾವೇರಿಯಲ್ಲಿ ಎರಡು ಬಗೆಯ ಮಹಶೀರ್‌ಗಳುಂಟು. ಬೆನ್ನಿನ ಮೇಲೆ ಡುಬ್ಬವುಳ್ಳ, ಕಿತ್ತಳೆ ಬಣ್ಣದ ಈಜುರೆಕ್ಕೆಗಳ ಮಹಶೀರ್ ಈ ನದೀವ್ಯೂಹಕ್ಕೇ ಸೀಮಿತವಾದುದು. ಹಿಂದಿನ ಕಾಲದ ಪ್ರಚಂಡ ಮೀನುಗಳು ಇವೇ. ಇನ್ನೊಂದು ನೀಲಿ ಈಜುರೆಕ್ಕೆಗಳ ಮಹಶೀರ್. ಇದನ್ನು ಸೈಕ್ಸ್ ಎಂಬಾತನು 1839ರಲ್ಲಿ ಪುಣೆಯ ಬಳಿಯ ನದಿಯ ಮೀನುಗಳಿಂದ ಮೊದಲು ವರ್ಣಿಸಿದನು. ಮಹಶೀರ್‌ಗಳು ಕಡಿಮೆಯಾಗುತ್ತಿರುವುದನ್ನು ಕಂಡು, ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮರಿಗಳನ್ನು 1976ರಿಂದ ಕಾವೇರಿಗೆ ಬಿಡಲಾಯಿತು. ಉದ್ದೇಶ ಒಳ್ಳೆಯದೇ ಆಗಿತ್ತು. ಎರಡೂ ಮಹಶೀರೇ ಎಂದು ಭಾವಿಸಿದ್ದರು.

ಗಾಳಿಬೋರೆಯ ಪುಸ್ತಕವು ಮುಂದಿನ ಕಥೆಯನ್ನು ಹೇಳುತ್ತದೆ. ನೀಲಿರೆಕ್ಕೆಯ ಮೀನುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತು. ಅವುಗಳ ಸರಾಸರಿ ತೂಕ ಇಳಿಯಿತು. ಡುಬ್ಬದ ಮೀನುಗಳ ಸಂಖ್ಯೆ ಇಳಿಯಿತು. ಸರಾಸರಿ ತೂಕ ಮಾತ್ರ ಏರಿತು. ತೂಕ ಏರಿದರೆ ಸಂತೋಷಪಡಬೇಕಲ್ಲವೆ ಎಂದು ಕೆಲವರು ಕೇಳಬಹುದು. ಒಂದು ಶಾಲೆಯನ್ನು ನೆನೆಯಿರಿ. ಅದರ ಮಕ್ಕಳ ಸರಾಸರಿ ತೂಕ ವರ್ಷ ವರ್ಷವೂ ಹೆಚ್ಚುತ್ತಿದೆ. ಆದರೆ ಕಾರಣವೇನೆಂದರೆ, ಒಂದನೆಯ ತರಗತಿಗೆ ಹೊಸ ಮಕ್ಕಳು ಸೇರುವುದೇ ನಿಂತುಹೋಗಿದೆ. ಈಗ ಇರುವವರು ತೇರ್ಗಡೆಯಾಗಿ ಹೊರಟ ದಿನ ಆ ಶಾಲೆಯ ಬಾಗಿಲು ಮುಚ್ಚುತ್ತದೆ. ಡುಬ್ಬದ ಮಹಶೀರಿನ ಸ್ಥಿತಿ ಇದೇ ಆಗಿತ್ತು. ಮುದಿ ಮೀನುಗಳು ಬದುಕಿದ್ದುವು, ಮರಿಗಳು ಸೇರುತ್ತಿರಲಿಲ್ಲ.

ನೀಲಿರೆಕ್ಕೆಯ ಮೀನೊಂದೇ ಇದಕ್ಕೆ ಕಾರಣವೆಂದು ಹೇಳುವುದು ಸರಿಯಲ್ಲ. ಎರಡು ಸಂಗತಿಗಳು ಜೊತೆಜೊತೆಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವೆಂದು ವಿಜ್ಞಾನವು ಒಪ್ಪುವುದಿಲ್ಲ. ಮಹಶೀರ್ ಮೊಟ್ಟೆಯಿಡಲು ಶುದ್ಧವಾದ ನೀರೂ ಜಲ್ಲಿಕಲ್ಲಿನ ತಳವೂ ಬೇಕು. ಅಣೆಕಟ್ಟುಗಳು ಅದರ ದಾರಿಯನ್ನು ತಡೆಯುತ್ತವೆ. ಮರಳು ತೆಗೆಯುವುದರಿಂದ ತಳವು ಹಾಳಾಗುತ್ತದೆ. ಸಿಡಿಮದ್ದು ಹಾಕಿ ಮೀನು ಕೊಲ್ಲುವವರಿಂದ ಮರಿ ಮುದಿ ಎಂಬ ಭೇದವಿಲ್ಲದೆ ಎಲ್ಲವೂ ನಾಶವಾಗುತ್ತವೆ.

ಮತ್ತೊಂದು ಸೋಜಿಗವುಂಟು. ಲೋಕಪ್ರಸಿದ್ಧವಾದ ಈ ಡುಬ್ಬದ ಮೀನಿಗೆ ಶಾಸ್ತ್ರೀಯ ಹೆಸರೇ ನಿಶ್ಚಯವಾಗಿರಲಿಲ್ಲ! ಕೇರಳದ ಪಾಂಬಾರ್ ನದಿಯಿಂದ ವರ್ಣಿಸಲಾಗಿದ್ದ ಟಾರ್ ರೆಮಾದೇವಿಯೂ ಇದೂ ಒಂದೇ ಎಂಬುದು ಆಕಾರ ಮತ್ತು ಡಿ.ಎನ್.ಎ. ಪರೀಕ್ಷೆಗಳಿಂದ 2018ರಲ್ಲಿ ಸಿದ್ಧವಾಯಿತು. ಹೆಸರು ದೊರೆತ ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅದನ್ನು ಅತ್ಯಂತ ಗಂಡಾಂತರದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಮುಂದೇನು?

ಈ ಪ್ರದೇಶವು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಹೊಸದಾಗಿ ಅರ್ಥೈಸಿದ ಮೇಲೆ ಇಂತಹ ಕಾಡುಗಳ ಒಳಗೆ ಗಾಳದ ವಿನೋದ ನಿಂತುಹೋಯಿತು. ಕಾಡಿಗೆ ಕಾನೂನಿನ ರಕ್ಷಣೆ ಅತ್ಯಗತ್ಯ, ಅದರಲ್ಲಿ ಸಂದೇಹವಿಲ್ಲ. ಆದರೆ ಗಾಳಗಾರನ ಜೊತೆಗೆ ಅವನ ಲೆಕ್ಕಪುಸ್ತಕವೂ ಮುಚ್ಚಿತು. ದಡದಲ್ಲಿ ದಿನವೂ ಇರುತ್ತಿದ್ದ ಕಣ್ಣುಗಳು ಕಡಿಮೆಯಾದಾಗ ಸಿಡಿಮದ್ದಿನವನಿಗೆ ಅನುಕೂಲವಾಗುತ್ತದೆಂಬ ಆತಂಕವನ್ನು ಕೆಲವರು ವ್ಯಕ್ತಪಡಿಸಿದ್ದಾರೆ. ಗಾಳದ ನೋವೇ ಮೀನಿಗೆ ಬೇಡವೆನ್ನುವವರೂ ಇದ್ದಾರೆ. ಎರಡು ವಾದಗಳಲ್ಲಿಯೂ ತಿರುಳುಂಟು. ಗಾಳವಿಲ್ಲದೆಯೂ ಲೆಕ್ಕವಿಡುವ ಮಾರ್ಗಗಳನ್ನು ಈಗ ವಿಜ್ಞಾನ ಒದಗಿಸುತ್ತಿದೆ. ಮೀನು ತನ್ನ ಮೈಯಿಂದ ನೀರಿನಲ್ಲಿ ಬಿಟ್ಟುಹೋದ ಡಿ.ಎನ್.ಎ. ಅಂಶವನ್ನು ಒಂದು ಶೀಸೆ ನೀರಿನಿಂದ ಗುರುತಿಸಿ, ಆ ಜಾತಿ ಅಲ್ಲಿದೆಯೆ ಎಂದು ಹೇಳಬಹುದು.

ನಮ್ಮ ವಿದ್ಯಾರ್ಥಿಗಳು ಈ ವೃತ್ತಾಂತದಿಂದ ಎರಡು ಪಾಠಗಳನ್ನು ಕಲಿಯಬಹುದು. ನದಿಗೆ ಮೀನುಮರಿ ಬಿಡುವುದು ಪುಣ್ಯಕಾರ್ಯವೆಂದು ಭಾವಿಸುವ ಮೊದಲು, ಅದು ಯಾವ ಜಾತಿ, ಯಾವ ನದಿಯದು ಎಂದು ಕೇಳಬೇಕು. ಎರಡನೆಯದಾಗಿ, ದಿನ, ಗಂಟೆ, ತೂಕಗಳನ್ನು ತಪ್ಪದೆ ಬರೆದಿಟ್ಟ ಸಾಮಾನ್ಯ ಪುಸ್ತಕವೂ ವಿಜ್ಞಾನಕ್ಕೆ ದೊಡ್ಡ ಸೇವೆಯನ್ನು ಸಲ್ಲಿಸಬಲ್ಲುದು. ಗಾಳಿಬೋರೆಗೆ ಬಂದವರು ಸಂಶೋಧನೆಗೆಂದು ಬಂದವರಲ್ಲ. ರಜೆ ಕಳೆಯಲು ಬಂದವರು. ನಿಮ್ಮ ಊರಿನ ಕೆರೆಯಲ್ಲಿ ತಿಂಗಳಿಗೊಮ್ಮೆ ನೀರಿನ ಮಟ್ಟವನ್ನು ಅಳೆಯುವುದಕ್ಕೆ, ಮೀನುಗಾರರ ಬುಟ್ಟಿಯಲ್ಲಿ ಎಷ್ಟು ಜಾತಿಯ ಮೀನುಗಳಿವೆಯೆಂದು ಬರೆದಿಡುವುದಕ್ಕೆ ಯಾವ ಪ್ರಯೋಗಶಾಲೆಯೂ ಬೇಕಾಗಿಲ್ಲ. ಹತ್ತು ವರ್ಷಗಳ ಅನಂತರ ಆ ಪುಟಗಳಿಗೆ ಎಂತಹ ಬೆಲೆ ಬಂದೀತೆಂಬುದನ್ನು ಇಂದು ಯಾರೂ ಹೇಳಲಾರರು. ಕಾವೇರಿಯ ಮಡುಗಳಲ್ಲಿ ಡುಬ್ಬದ ಮಹಶೀರಿನ ಮರಿಗಳು ಮತ್ತೆ ಕಾಣಿಸಿಕೊಂಡುವೆಂದು ಬರೆಯುವ ಭಾಗ್ಯ ನಿಮ್ಮಲ್ಲಿ ಯಾರಿಗಾದರೂ ಒದಗಿಬರಲಿ.